ದಾರಿಯ ನೆರಳು: ನಗರದ ಬಿಸಿ, ಮರದ ತಂಪು ಮತ್ತು ನಾವು ಮರೆತ ಇತಿಹಾಸ

ನಗರವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಬೇಸಿಗೆಯ ಹಗಲಿಗಿಂತ ಬೇಸಿಗೆಯ ಇರುಳೇ ಹೆಚ್ಚು ಕಷ್ಟಕರವಾಗಿದೆ. ಇಶಾ ನಮಾಝ್ ಮುಗಿದು ಎಷ್ಟೋ ಹೊತ್ತಾದರೂ ಗೋಡೆಗಳನ್ನು ಮುಟ್ಟಿದರೆ ಬಿಸಿ. ತಾರಸಿಯ ಕೆಳಗಿನ ಕೋಣೆಯಲ್ಲಿ ಫ್ಯಾನು ಬೀಸುವುದೂ ಬಿಸಿಗಾಳಿಯನ್ನೇ. ಅದೇ ರಾತ್ರಿ ನಗರದಿಂದ ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿರುವ ಬಂಧುಗಳು ಅಂಗಳದಲ್ಲಿ ಚಾಪೆ ಹಾಸಿ ತಂಪಾಗಿ ಮಲಗಿರುತ್ತಾರೆ. ಹಗಲಿಡೀ ಎರಡೂ ಕಡೆ ಸುರಿದದ್ದು ಒಂದೇ ಬಿಸಿಲು. ಹಾಗಿದ್ದೂ ಈ ವ್ಯತ್ಯಾಸ ಏಕೆ?

ಈ ಪ್ರಶ್ನೆಯನ್ನು ಮೊದಲ ಬಾರಿಗೆ ಅಳತೆಗೋಲು ಹಿಡಿದು ಪರೀಕ್ಷಿಸಿದವನು ಲಂಡನ್ನಿನ ಲ್ಯೂಕ್ ಹೊವಾರ್ಡ್. ಔಷಧ ತಯಾರಿಕೆಯಿಂದ ಜೀವನ ಸಾಗಿಸುತ್ತಿದ್ದ ಈತನಿಗೆ ಹವಾಮಾನವನ್ನು ದಿನವೂ ಗಮನಿಸಿ ಬರೆದಿಡುವ ಅಭ್ಯಾಸವಿತ್ತು. ಇಂದಿಗೂ ಜಗತ್ತು ಬಳಸುವ ಮೋಡಗಳ ವರ್ಗೀಕರಣ ಅವನದೇ ಕೊಡುಗೆ. 1818ರಿಂದ 1820ರ ನಡುವೆ ಲಂಡನ್ನಿನ ಹವಾಮಾನದ ಬಗ್ಗೆ ಆತ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ನಗರದೊಳಗಿನ ಉಷ್ಣಾಂಶವನ್ನು ಸುತ್ತಲಿನ ಗ್ರಾಮಪ್ರದೇಶದ ಉಷ್ಣಾಂಶದೊಂದಿಗೆ ಹೋಲಿಸಿದನು. ಲಂಡನ್ನಿನ ರಾತ್ರಿಗಳು ಹೊರವಲಯದ ರಾತ್ರಿಗಳಿಗಿಂತ ಸರಾಸರಿ 3.7 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿರುತ್ತವೆ ಎಂಬುದು ಅವನ ಲೆಕ್ಕ. ಹಗಲಿನಲ್ಲಿ ಆ ವ್ಯತ್ಯಾಸ ಬಹುತೇಕ ಇರಲಿಲ್ಲ. ಅಂದಿನ ಲಂಡನ್ನಿನಲ್ಲಿ ಮೋಟಾರು ವಾಹನಗಳಿರಲಿಲ್ಲ, ಹವಾನಿಯಂತ್ರಣ ಯಂತ್ರಗಳೂ ಇರಲಿಲ್ಲ. ಇಟ್ಟಿಗೆ, ಕಲ್ಲು, ಒಲೆಯ ಬೆಂಕಿ ಮತ್ತು ಜನಸಂದಣಿಯೇ ಇಷ್ಟು ವ್ಯತ್ಯಾಸವನ್ನು ಉಂಟುಮಾಡಿದ್ದವು. ಇದನ್ನೇ ಇಂದಿನ ವಿಜ್ಞಾನಿಗಳು ‘ನಗರದ ಉಷ್ಣದ್ವೀಪ’ ಎಂದು ಕರೆಯುತ್ತಾರೆ. ತಂಪಾದ ಹೊಲಗದ್ದೆಗಳ ಕಡಲಿನ ನಡುವೆ ಬಿಸಿಯ ದ್ವೀಪದಂತೆ ನಿಂತಿರುವ ಊರು ಎಂಬುದು ಅದರ ಅರ್ಥ.

ಇದರ ಕಾರಣಗಳನ್ನು ತಿಳಿಯಲು ಹೆಚ್ಚಿನ ಪಾಂಡಿತ್ಯ ಬೇಕಿಲ್ಲ. ಡಾಂಬರು ಮತ್ತು ಕಾಂಕ್ರೀಟು ಹಗಲಿಡೀ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಹೊರಬಿಡುತ್ತವೆ. ಒತ್ತೊತ್ತಾಗಿ ನಿಂತ ಎತ್ತರದ ಕಟ್ಟಡಗಳ ನಡುವೆ ಆ ಶಾಖ ಆಕಾಶಕ್ಕೆ ಹೋಗಲಾರದೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದಾಟುತ್ತಿರುತ್ತದೆ. ವಾಹನಗಳೂ ಎ.ಸಿ. ಯಂತ್ರಗಳೂ ತಮ್ಮ ಪಾಲಿನ ಬಿಸಿಯನ್ನು ಬೀದಿಗೆ ಸುರಿಯುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮಣ್ಣು ಮುಚ್ಚಿಹೋದದ್ದು. ಹಸಿರು ನೆಲದ ಮೇಲೆ ಬಿದ್ದ ಬಿಸಿಲಿನ ದೊಡ್ಡ ಪಾಲು ನೀರನ್ನು ಆವಿಯಾಗಿಸುವುದಕ್ಕೆ ವ್ಯಯವಾಗುತ್ತದೆ. ಮುಚ್ಚಿದ ನೆಲದಲ್ಲಿ ಆವಿಯಾಗಲು ನೀರೇ ಇಲ್ಲದಿರುವುದರಿಂದ ಅಷ್ಟೂ ಬಿಸಿಲು ಶಾಖವಾಗಿ ಉಳಿಯುತ್ತದೆ.

ನಮ್ಮ ಅಡುಗೆಮನೆಯ ಮಣ್ಣಿನ ಮಡಕೆ ಈ ಗುಟ್ಟನ್ನು ಬಹುಕಾಲದಿಂದ ಹೇಳುತ್ತಲೇ ಬಂದಿದೆ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಮರವೂ ಇದನ್ನೇ ಮಾಡುತ್ತದೆ. ಬೇರಿನಿಂದ ಹೀರಿದ ನೀರನ್ನು ಎಲೆಗಳ ಸೂಕ್ಷ್ಮರಂಧ್ರಗಳಿಂದ ಆವಿಯಾಗಿ ಬಿಡುತ್ತಾ ಸುತ್ತಲಿನ ಗಾಳಿಯ ಶಾಖವನ್ನು ಕಳೆಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮ. ದಿನಕ್ಕೆ 100 ಲೀಟರ್ ನೀರನ್ನು ಆವಿಯಾಗಿಸುವ ಒಂದು ದೊಡ್ಡ ಮರ ಸುಮಾರು 68 ಯೂನಿಟ್‌ನಷ್ಟು ಶಾಖವನ್ನು ನಮ್ಮ ಸುತ್ತಲಿಂದ ತೆಗೆದುಹಾಕುತ್ತದೆ. ಒಂದೂವರೆ ಟನ್ನಿನ ಎ.ಸಿ. ಯಂತ್ರ ಹದಿಮೂರು ಗಂಟೆ ಪೂರ್ಣ ಸಾಮರ್ಥ್ಯದಿಂದ ಓಡಿದರೆ ಮಾಡುವ ಕೆಲಸ ಇದು. ಆದರೆ ಎ.ಸಿ. ಒಂದು ಕೋಣೆಯನ್ನು ತಣಿಸಿ, ಆ ಬಿಸಿಯನ್ನೂ ತಾನು ಉಂಡ ವಿದ್ಯುತ್ತಿನ ಬಿಸಿಯನ್ನೂ ಒಟ್ಟುಗೂಡಿಸಿ ನೆರೆಮನೆಯ ಕಿಟಕಿಯತ್ತ ಊದುತ್ತದೆ. ಮರ ಹಾಗೆ ಮಾಡುವುದಿಲ್ಲ, ಬಿಲ್ಲನ್ನೂ ಕಳುಹಿಸುವುದಿಲ್ಲ.

‘ಉಷ್ಣದ್ವೀಪ’ ಎಂಬ ಶಬ್ದ ಹುಟ್ಟುವ ಎಷ್ಟೋ ಮುಂಚೆಯೇ ಬಿಸಿನಾಡಿನ ಜನ ಊರನ್ನು ತಣಿಸುವ ವಿದ್ಯೆಯನ್ನು ಬಲ್ಲವರಾಗಿದ್ದರು. ಮುಸ್ಲಿಮ್ ಸಮಾಜಗಳು ಬೆಳೆದ ಅರೇಬಿಯಾ, ಇರಾನ್, ಮಧ್ಯ ಏಷ್ಯಾ, ಉತ್ತರ ಆಫ್ರಿಕಾಗಳಲ್ಲಿ ನೀರೆಂಬುದು ವಿರಳ, ನೆರಳೆಂಬುದು ಸಂಪತ್ತು. ಆದ್ದರಿಂದಲೇ ಅಲ್ಲಿನ ವಾಸ್ತುವಿನಲ್ಲಿ ಅಂಗಳ, ಕೊಳ, ಕಾಲುವೆ ಮತ್ತು ಮರ ಒಂದರಿಂದ ಒಂದು ಬೇರ್ಪಡಿಸಲಾಗದ ಅಂಗಗಳಾದವು. ಸ್ಪೇನ್ ದೇಶದ ಕೊರ್ಡೊಬಾದ ಮಹಾಮಸೀದಿಯ ಅಂಗಳದಲ್ಲಿ ಮರಗಳು ಸಾಲುಸಾಲಾಗಿ ನಿಂತಿವೆ. ಅವುಗಳ ಬುಡಕ್ಕೆ ನೀರುಣಿಸುವ ಸಣ್ಣ ಕಾಲುವೆಗಳು ಕಲ್ಲುಹಾಸಿನ ನಡುವೆ ಇಂದಿಗೂ ಕಾಣುತ್ತವೆ. ನಮಾಝಿಗೆ ಬಂದವನು ಮಸೀದಿಯ ಒಳಗಿನ ಕಂಬಗಳ ಸಾಲನ್ನು ಪ್ರವೇಶಿಸುವ ಮುನ್ನ ಮರಗಳ ಸಾಲನ್ನು ದಾಟಬೇಕಿತ್ತು.

ಈ ವಿದ್ಯೆ ನಮ್ಮ ನಾಡಿಗೂ ಬಂದಿತು. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರ್ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿ ಬಿದ್ದ ಮಳೆನೀರು ಮೇಲೆ ನಿಲ್ಲದೆ ಕಲ್ಲಿನೊಳಗೆ ಇಳಿದುಹೋಗುತ್ತದೆ. 15ನೇ ಶತಮಾನದಲ್ಲಿ ಇರಾನಿನ ಮಾದರಿಯ ‘ಕರೇಜ್’ ಅಲ್ಲಿ ನಿರ್ಮಾಣವಾಯಿತು. ನೆಲದೊಳಗೆ ಇಳಿಜಾರಾಗಿ ಸುರಂಗ ಕೊರೆದು, ಅದರುದ್ದಕ್ಕೂ ಬಾವಿಗಳನ್ನು ತೋಡಿ, ಬಿಸಿಲಿಗೆ ಆವಿಯಾಗದಂತೆ ನೀರನ್ನು ಹರಿಸುವ ವ್ಯವಸ್ಥೆಯಿದು. ಜನ ಇದನ್ನು ಸುರಂಗ ಬಾವಿ ಎಂದು ಕರೆದರು. ವಿಜಯಪುರದ ಆದಿಲ್‌ಶಾಹಿ ಅರಸರೂ ತಾಜ್ ಬಾವಡಿ, ಬೇಗಂ ತಾಲಾಬ್‌ನಂತಹ ಜಲಾಶಯಗಳಿಂದ ಬಯಲುಸೀಮೆಯ ಉರಿಬಿಸಿಲಿನ ನಡುವೆ ಒಂದು ಮಹಾನಗರವನ್ನು ಬದುಕಿಸಿದರು. ನೀರಿಲ್ಲದೆ ತೋಟವಿಲ್ಲ ಎಂಬ ಸರಳ ಸತ್ಯವನ್ನು ಅವರು ಮೊದಲು ಅರಿತು, ಆಮೇಲೆ ಕಟ್ಟಡಗಳ ಮಾತಾಡಿದರು.

ಉತ್ತರದಲ್ಲಿ ಬಾಬರನು 1526ರಲ್ಲಿ ಆಗ್ರಾ ತಲುಪಿದಾಗ ಅವನನ್ನು ಕಾಡಿದ್ದು ಸೆಕೆ, ಬಿರುಗಾಳಿ ಮತ್ತು ಧೂಳು ಎಂದು ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಆ ವರ್ಷದ ಬೇಸಿಗೆಯನ್ನು ತಾಳಲಾರದೆ ಅವನ ಅನುಚರರಲ್ಲಿ ಹಲವರು ಕಾಬೂಲಿಗೆ ಮರಳಲು ಹಟ ಹಿಡಿದರು. ಬಾಬರನು ಮಾಡಿದ ಮೊದಲ ಕೆಲಸಗಳಲ್ಲೊಂದು ಯಮುನೆಯ ದಡದಲ್ಲಿ ಬಾವಿ ತೋಡಿಸಿ, ಕಾಲುವೆ ಹರಿಸಿ, ತೋಟ ಹಾಕಿಸಿದ್ದು. ಅವನ ಪರಂಪರೆಯಲ್ಲಿ ಬಂದ ಜಹಾನಾರಾ ಬೇಗಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಷಹಜಹಾನನ ಈ ಮಗಳು 1650ರಲ್ಲಿ ದಿಲ್ಲಿಯ ಚಾಂದನಿ ಚೌಕವನ್ನು ಕಟ್ಟಿಸಿದಾಗ, ಪೇಟೆಬೀದಿಯ ನಡುವೆಯೇ ಕಾಲುವೆ ಹರಿಯುವಂತೆಯೂ ಅದರ ಇಕ್ಕೆಲಗಳಲ್ಲಿ ಮರಗಳು ನೆರಳು ನೀಡುವಂತೆಯೂ ಯೋಜಿಸಲಾಯಿತು. ಬೀದಿಯ ಬದಿಯಲ್ಲಿ ಪ್ರಯಾಣಿಕರಿಗೆ ಸರಾಯಿಯೂ ಒಂದು ದೊಡ್ಡ ತೋಟವೂ ಇದ್ದವು. ಅರಮನೆಯ ತೋಟದ ತಂಪು ಅರಮನೆಯವರಿಗೆ ಮಾತ್ರ. ಬೀದಿಯ ನೆರಳು ಹಾಗಲ್ಲ. ಅದು ಹೊರೆ ಹೊತ್ತ ಕೂಲಿಗೂ ಪಲ್ಲಕ್ಕಿಯ ಶ್ರೀಮಂತನಿಗೂ ಸಮಾನವಾಗಿ ಸಲ್ಲುತ್ತದೆ. ಬ್ರಿಟಿಷರ ಕಾಲದಲ್ಲಿ ಆ ಕಾಲುವೆ ಮುಚ್ಚಿಹೋಯಿತು. ಇಂದು ಚಾಂದನಿ ಚೌಕಕ್ಕೆ ಹೋಗುವವರಿಗೆ ಅಲ್ಲೊಮ್ಮೆ ನೀರು ಹರಿಯುತ್ತಿತ್ತೆಂದರೆ ನಂಬುವುದು ಕಷ್ಟ.

ಇನ್ನು ನಮ್ಮ ಬೆಂಗಳೂರಿನತ್ತ ಬರೋಣ. 1760ರಲ್ಲಿ ನವಾಬ್ ಹೈದರ್ ಅಲಿ ಬೆಂಗಳೂರು ಕೋಟೆಯ ಹೊರಗೆ ಸುಮಾರು 40 ಎಕರೆಯಲ್ಲಿ ಒಂದು ತೋಟವನ್ನು ಆರಂಭಿಸಿದರು. ಶಿರಾದಲ್ಲಿ ಮೊಗಲರ ಸುಬೇದಾರ ದಿಲಾವರ್ ಖಾನನು ಮಾಡಿಸಿದ್ದ ತೋಟವೇ ಇದಕ್ಕೆ ಸ್ಫೂರ್ತಿ ಎಂದು ಹೇಳಲಾಗುತ್ತದೆ. ದಿಲ್ಲಿ, ಲಾಹೋರ್, ಮುಲ್ತಾನ್, ಆರ್ಕಾಟುಗಳಿಂದ ಸಸಿಗಳು ಬಂದವು. ಟಿಪ್ಪು ಸುಲ್ತಾನರು ತಂದೆಯ ಕೆಲಸವನ್ನು ಮುಂದುವರಿಸಿದರು. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋದ ಅವರ ರಾಯಭಾರಿಗಳು ಕೇಳಿದ್ದು ಸೈನಿಕ ನೆರವನ್ನು ಮಾತ್ರವಲ್ಲ, ಗಿಡಗಳನ್ನೂ ಬೀಜಗಳನ್ನೂ ತೋಟಗಾರರನ್ನೂ ಸಹ. ಯುದ್ಧದ ನೆರಳು ತಲೆಯ ಮೇಲಿರುವಾಗಲೂ ಮರದ ನೆರಳನ್ನು ಮರೆಯದ ದೊರೆಯವರು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮರುವರ್ಷ ಕಂಪನಿ ಸರಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಈ ತೋಟಗಳನ್ನು ನೋಡಿ ವಿವರವಾಗಿ ಬರೆದಿದ್ದಾನೆ. ಚೌಕಾಕಾರದ ಪಾತಿಗಳು, ನಡುವಿನ ಕಾಲುದಾರಿಗಳ ಇಬ್ಬದಿಯಲ್ಲೂ ಸೈಪ್ರೆಸ್ ಮರಗಳು, ಒಂದೊಂದು ಬಗೆಯ ಗಿಡಕ್ಕೆ ಒಂದೊಂದು ಪ್ರತ್ಯೇಕ ಪಾತಿ ಎಂಬ ಕ್ರಮ ಅವನ ಗಮನ ಸೆಳೆಯಿತು. 1856ರಲ್ಲಿ ಲಾಲ್‌ಬಾಗ್ ಸರಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. 40 ಎಕರೆಯ ನವಾಬರ ತೋಟ ಇಂದು 240 ಎಕರೆಗಳ ಸಾರ್ವಜನಿಕ ಉದ್ಯಾನವಾಗಿದೆ. ಈ ಇತಿಹಾಸದಲ್ಲಿ ಅರಸರ ಹೆಸರಿನೊಂದಿಗೆ, ತಲೆಮಾರುಗಳಿಂದ ಬೆಂಗಳೂರಿನ ತೋಟಗಾರಿಕೆಯನ್ನು ಬೆವರು ಸುರಿಸಿ ಬೆಳೆಸಿದ ತಿಗಳ ಸಮುದಾಯದವರನ್ನೂ ನಾವು ಸ್ಮರಿಸಬೇಕು. ಸಸಿ ತರಿಸುವುದು ದೊರೆಯ ಕೆಲಸ, ಅದನ್ನು ಉಳಿಸುವುದು ತೋಟಗಾರನ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೈದರ್ ಅಲಿಯಾಗಲಿ ಟಿಪ್ಪು ಸುಲ್ತಾನರಾಗಲಿ ನಗರದ ಉಷ್ಣಾಂಶವನ್ನು ತಗ್ಗಿಸುವ ಯೋಜನೆಯೊಂದಿಗೆ ಲಾಲ್‌ಬಾಗ್ ಮಾಡಿಸಿದರೆಂದು ಹೇಳುವುದು ಇತಿಹಾಸಕ್ಕೆ ಬಗೆಯುವ ಅನ್ಯಾಯವಾದೀತು. ಅವರಿಗೆ ಹಣ್ಣು ಬೇಕಿತ್ತು, ಹೂ ಬೇಕಿತ್ತು, ಹೊಸ ಬೆಳೆಗಳ ಪರಿಚಯ ಬೇಕಿತ್ತು, ವಿಶ್ರಾಂತಿಗೆ ತಂಪಾದ ತಾಣ ಬೇಕಿತ್ತು. ನಮ್ಮ ಹಿರಿಯರನ್ನು ಗೌರವಿಸಲು ಅವರು ಮಾಡದ ಕೆಲಸವನ್ನು ಅವರ ಮೇಲೆ ಹೊರಿಸಬೇಕಾಗಿಲ್ಲ. ಅವರು ಮಾಡಿದ್ದೇ ಸಾಕಷ್ಟಿದೆ. ಅವರು ಬಿಟ್ಟುಹೋದ ಹಸಿರು ಎರಡೂವರೆ ಶತಮಾನಗಳ ನಂತರ, ಅವರು ಊಹಿಸಿರದ ಒಂದು ನಗರದ ನಡುವೆ ತಂಪು ನೀಡುತ್ತಿದೆ.

ಆದರೆ ಉದ್ಯಾನಕ್ಕೂ ಒಂದು ಮಿತಿಯಿದೆ. ಅದು ಎಷ್ಟೇ ದೊಡ್ಡದಾದರೂ ಅದರ ತಂಪು ಸಾಮಾನ್ಯವಾಗಿ ಬೇಲಿಯಿಂದ ಕೆಲವು ನೂರು ಮೀಟರ್‌ಗಳಾಚೆಗೆ ಹೋಗದು. ಇಡೀ ನಗರ ತಣಿಯಬೇಕಾದರೆ ಮರಗಳು ಬೀದಿಬೀದಿಗೂ ಬರಬೇಕು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ರೂಪ ಕೊಟ್ಟವರಲ್ಲಿ ಇಬ್ಬರು ಪ್ರಮುಖರು. ಮೊದಲನೆಯವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್. ವರ್ಷದ ಪ್ರತಿಯೊಂದು ಋತುವಿನಲ್ಲೂ ಒಂದಲ್ಲ ಒಂದು ರಸ್ತೆಯ ಮರಗಳು ಹೂ ಬಿಡುವಂತೆ ಸಾಲುಮರಗಳನ್ನು ಆರಿಸಿ ನೆಡಿಸಿದ ಕೀರ್ತಿ ಅವರದು. ಎರಡನೆಯವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಇರಾನಿನ ಶಿರಾಜ್‌ನಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡಿದ ಅಲಿ ಅಸ್ಕರ್ ಅವರ ಮೊಮ್ಮಗ. ತೋಟಗಳ ನಾಡಿನಿಂದ ಬಂದ ಕುಟುಂಬದ ಈ ಕುಡಿ, ನಾಲ್ವಡಿ ಕೃಷ್ಣರಾಜ ಒಡೆಯರ ನೆಚ್ಚಿನ ದಿವಾನರಾಗಿ, ರಸ್ತೆ, ವೃತ್ತ, ಉದ್ಯಾನಗಳ ಅಂದವನ್ನು ಆಡಳಿತದ ಗಂಭೀರ ಕರ್ತವ್ಯವೆಂದೇ ಭಾವಿಸಿದರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವೂ ಇವರ ಕಾಲದ ಕೊಡುಗೆ. ಒಬ್ಬ ಹಿಂದೂ ಮಹಾರಾಜರು, ಒಬ್ಬ ಮುಸ್ಲಿಮ್ ದಿವಾನರು, ಒಬ್ಬ ಕ್ರೈಸ್ತ ತೋಟಗಾರಿಕಾ ತಜ್ಞರು ಕೂಡಿ ನೆರಳು ಹಾಸಿದ ನಾಡಿದು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಅವರ ನಂತರ ಏನಾಯಿತು? ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಉಪಗ್ರಹ ಚಿತ್ರಗಳಿಂದ ಕಂಡುಕೊಂಡಂತೆ, 1973ರಲ್ಲಿ ಬೆಂಗಳೂರಿನ ವಿಸ್ತೀರ್ಣದಲ್ಲಿ ಕಟ್ಟಡ ಮತ್ತು ರಸ್ತೆಗಳ ಪಾಲು ಸುಮಾರು ಶೇ. 8 ಮಾತ್ರ, ಹಸಿರಿನ ಪಾಲು ಸುಮಾರು ಶೇ. 68. ಮುಂದಿನ ನಾಲ್ಕು ದಶಕಗಳಲ್ಲಿ ಈ ಲೆಕ್ಕ ತಲೆಕೆಳಗಾಯಿತು. ರಸ್ತೆ ಅಗಲೀಕರಣಕ್ಕೆ ಸಾಲುಮರಗಳು ಉರುಳಿದವು, ಕೆರೆಗಳು ಬಡಾವಣೆಗಳಾದವು. 2016ರ ಏಪ್ರಿಲ್‌ನಲ್ಲಿ, ಒಮ್ಮೆ ತಂಪಿಗೆ ಹೆಸರಾಗಿದ್ದ ಈ ಊರಿನ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಇದಕ್ಕೆ ಜಾಗತಿಕ ತಾಪಮಾನದ ಏರಿಕೆಯೂ ಕಾರಣ ನಿಜ. ಆದರೆ ಜಗತ್ತಿನ ಬಿಸಿಗೆ ನಾವು ನಮ್ಮ ಬೀದಿಯ ಬಿಸಿಯನ್ನೂ ಕೈಯಾರೆ ಸೇರಿಸಿದೆವು.

ಮರವೊಂದು ಬೀದಿಗೆ ಎಷ್ಟು ಬೆಲೆಬಾಳುತ್ತದೆ ಎಂಬುದನ್ನೂ ಬೆಂಗಳೂರಿನ ಸಂಶೋಧಕರೇ ಅಳೆದಿದ್ದಾರೆ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನ ಮರಗಳಿರುವ ರಸ್ತೆಗಳನ್ನೂ ಮರಗಳಿಲ್ಲದ ರಸ್ತೆಗಳನ್ನೂ ಹೋಲಿಸಿತು. ಮಧ್ಯಾಹ್ನದ ಹೊತ್ತು ಮರಗಳಿರುವ ಕಡೆ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೂ ಕಡಿಮೆಯಿತ್ತು. ರಸ್ತೆಯ ಮೈಯ ಉಷ್ಣಾಂಶದಲ್ಲಂತೂ ಕಂಡ ವ್ಯತ್ಯಾಸ 27.5 ಡಿಗ್ರಿಯವರೆಗೆ. ಬರಿಗಾಲಲ್ಲಿ ನಿಲ್ಲಬಹುದಾದ ನೆಲಕ್ಕೂ ಪಾದ ಸುಡುವ ನೆಲಕ್ಕೂ ಇರುವ ಅಂತರವಿದು.

ಆ ನೆಲದ ಮೇಲೆ ನಿಲ್ಲುವವರು ಯಾರು? ತಳ್ಳುಗಾಡಿಯ ಹಣ್ಣಿನ ವ್ಯಾಪಾರಿ, ಆಟೋ ಚಾಲಕ, ಗಾರೆ ಕೆಲಸದವರು, ಪೌರಕಾರ್ಮಿಕರು. ತಗಡಿನ ಛಾವಣಿಯ ಕೆಳಗೆ ಬೀಡಿ ಕಟ್ಟುವ, ಹೊಲಿಗೆ ಮಾಡುವ ತಾಯಂದಿರು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿಗೆ ಏರಿದಾಗ, ಆ ಒಂದೇ ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾದವೆಂದು ಅಧ್ಯಯನ ತಿಳಿಸಿತು. ಆ ಆಘಾತದಿಂದ ಪಾಠ ಕಲಿತ ಆ ನಗರ 2013ರಲ್ಲಿ ಬಿಸಿಲಿನ ಹೊಡೆತವನ್ನು ಎದುರಿಸಲು ದಕ್ಷಿಣ ಏಷ್ಯಾದಲ್ಲೇ ಮೊದಲ ಕಾರ್ಯಯೋಜನೆಯನ್ನು ರೂಪಿಸಿತು. ಬಿಸಿಲು ಎಲ್ಲರ ಮೇಲೂ ಬೀಳುತ್ತದೆ, ಆದರೆ ಎಲ್ಲರನ್ನೂ ಸಮಾನವಾಗಿ ಸುಡುವುದಿಲ್ಲ. ದಟ್ಟ ಮರಗಳ ಬಡಾವಣೆಗಳಲ್ಲಿ ಉಳ್ಳವರ ಬಂಗಲೆಗಳಿರುತ್ತವೆ. ನಮ್ಮ ಬಹುಪಾಲು ಮೊಹಲ್ಲಾಗಳ ಗಲ್ಲಿಗಳಲ್ಲಿ ಎರಡು ಗೋಡೆಗಳ ನಡುವೆ ಬೈಕು ದಾಟುವಷ್ಟೇ ಜಾಗ. ಮರವೆಂಬುದು ಅಲ್ಲಿ ಹೆಚ್ಚಾಗಿ ಉಳಿದಿರುವುದು ಮಸೀದಿ, ದರ್ಗಾ, ಮದ್ರಸ ಮತ್ತು ಕಬರಸ್ಥಾನಗಳ ಆವರಣದಲ್ಲಿ ಮಾತ್ರ.

ಆದ್ದರಿಂದ ಈ ವಿಷಯ ನಮ್ಮ ದೀನಿಗೆ ಹೊರಗಿನದಲ್ಲ. ಗಿಡ ನೆಟ್ಟವನಿಗೆ, ಅದರಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದುದೆಲ್ಲವೂ ದಾನವಾಗಿ ಸಲ್ಲುತ್ತದೆ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೆರಡು ಬೋಧನೆಗಳಿವೆ. ಜನರು ನಡೆಯುವ ದಾರಿಯಲ್ಲೂ ಅವರು ವಿಶ್ರಮಿಸುವ ನೆರಳಿನಲ್ಲೂ ಹೊಲಸು ಮಾಡುವುದನ್ನು ಪ್ರವಾದಿ(ಸ)ಯವರು ಶಾಪಕ್ಕೆ ಕಾರಣವಾಗುವ ಕೃತ್ಯವೆಂದು ಎಚ್ಚರಿಸಿದರು. ದಾರಿಯ ನೆರಳು ಸಾರ್ವಜನಿಕರ ಹಕ್ಕೆಂಬುದು ಇದರಿಂದ ಸ್ಪಷ್ಟ. ನೆರಳನ್ನು ಮಲಿನಗೊಳಿಸುವುದೇ ಇಷ್ಟು ಗಂಭೀರವಾದರೆ, ಅಗತ್ಯವಿಲ್ಲದೆ ನೆರಳನ್ನೇ ಕಡಿದುಹಾಕುವುದು ಎಷ್ಟು ಗಂಭೀರವೆಂದು ನಾವು ಚಿಂತಿಸಬೇಕು. ಇನ್ನೊಂದು, ತೀವ್ರ ಬಿಸಿಲಿನಲ್ಲಿ ಝುಹರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಲು ಅವರು ನೀಡಿದ ಆದೇಶ. ಪ್ರಯಾಣವೊಂದರಲ್ಲಿ ದಿಬ್ಬಗಳ ನೆರಳು ಕಾಣುವವರೆಗೂ ಕಾದು ನಮಾಝ್ ನಿರ್ವಹಿಸಲಾಯಿತೆಂದು ಅಬೂದರ್‌(ರ)ರವರ ವರದಿಯಲ್ಲಿದೆ. ಆರಾಧನೆಯಲ್ಲೂ ಬಿಸಿಲಿನ ಬಾಧೆಯನ್ನು ಪರಿಗಣಿಸಿದ ಧರ್ಮದ ಅನುಯಾಯಿಗಳು ಊರು ಕಟ್ಟುವಾಗ, ಮಸೀದಿ ಕಟ್ಟುವಾಗ ಅದನ್ನು ಮರೆಯುವುದು ತರವಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ಮಸೀದಿಯ ನವೀಕರಣದ ಹೆಸರಿನಲ್ಲಿ ಅಂಗಳದ ಹಳೆಯ ಬೇವಿನ ಮರವನ್ನು ಕಡಿದು, ಇಡೀ ನೆಲಕ್ಕೆ ಟೈಲ್ಸ್ ಹಾಸಿ, ಆ ಬಿಸಿ ತಾಳದೆ ನಂತರ ಎ.ಸಿ.ಗಾಗಿ ಚಂದಾ ಎತ್ತುವ ಕ್ರಮ ಹಲವೆಡೆ ರೂಢಿಯಾಗಿದೆ. ಆಡಳಿತ ಸಮಿತಿಗಳು ನಕ್ಷೆಗೆ ಸಹಿ ಹಾಕುವ ಮುನ್ನ ಮರವನ್ನು ಉಳಿಸಿಕೊಂಡೇ ಕಟ್ಟುವ ದಾರಿಯನ್ನು ಎಂಜಿನಿಯರರಿಂದ ಕೇಳಲಿ. ಪ್ರತಿ ನಮಾಝಿಗೂ ವುಝೂವಿನ ನೀರು ಚರಂಡಿಗೆ ಹರಿದುಹೋಗುತ್ತಿದೆ. ಸೋಪಿನ ನೀರಿನೊಂದಿಗೆ ಬೆರೆಯದಂತೆ ಒಂದು ಕೊಳವೆಯ ಮೂಲಕ ಅದನ್ನು ಮರಗಳ ಬುಡಕ್ಕೆ ತಿರುಗಿಸಿದರೆ, ಬೇಸಿಗೆಯಲ್ಲೂ ಗಿಡಗಳಿಗೆ ನೀರಿನ ಕೊರತೆಯಾಗದು. ಕಬರಸ್ಥಾನಗಳ ಸುತ್ತುಗೋಡೆಯ ಉದ್ದಕ್ಕೂ ಹೊಂಗೆ, ಬೇವು, ನೇರಳೆ, ಹುಣಸೆಯಂತಹ ನಮ್ಮ ಮಣ್ಣಿನ ಮರಗಳು ಬೆಳೆದರೆ ಅಕ್ಕಪಕ್ಕದ ಬೀದಿಗಳೂ ತಣಿಯುತ್ತವೆ. ಆ ನೆರಳಿಗೆ ಬಂದು ನಿಲ್ಲುವವರು ಯಾವ ಧರ್ಮದವರೆಂದು ಮರ ಕೇಳುವುದಿಲ್ಲ. ಬರೀ ಹುಲ್ಲುಹಾಸಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದು ನೀರನ್ನು ಬಹಳ ಬೇಡುತ್ತದೆ, ನೆರಳನ್ನು ಕೊಡುವುದಿಲ್ಲ. ನೆಟ್ಟ ದಿನ ಚಿತ್ರ ತೆಗೆಸಿಕೊಂಡು ಮರೆತುಬಿಡುವುದರಿಂದಲೂ ಉಪಯೋಗವಿಲ್ಲ. ಸಸಿಗೆ ಮೊದಲ ಎರಡು ಮೂರು ಬೇಸಿಗೆ ನೀರುಣಿಸುವ ಹೊಣೆಯನ್ನು ಮದ್ರಸದ ಒಂದೊಂದು ತರಗತಿಗೆ ವಹಿಸಬಹುದು.

ಲಾಲ್‌ಬಾಗ್‌ನ ಕೆಲವು ಮಾವಿನ ಮರಗಳು ಟಿಪ್ಪುವಿನ ಕಾಲದವೆಂದು ಜನ ಹೇಳುತ್ತಾರೆ. ಅವುಗಳನ್ನು ನೆಟ್ಟ ಕೈಗಳ ಹೆಸರು ಯಾವ ಶಾಸನದಲ್ಲೂ ಇಲ್ಲ. ಆ ಕೈಗಳು ತಾವು ಕಾಣದ ತಲೆಮಾರುಗಳಿಗಾಗಿ ಮಣ್ಣು ತೋಡಿದವು. ಇಂದು ನಾವು ನೆಟ್ಟ ಹೊಂಗೆಯ ಸಸಿ ಬೀದಿಗೆ ನೆರಳಾಗುವಷ್ಟು ಬೆಳೆಯಲು ಕೆಲವು ವರ್ಷಗಳೇ ಬೇಕು. ಅಷ್ಟರಲ್ಲಿ ಇಂದು ಮದ್ರಸಕ್ಕೆ ಬರುವ ಮಗು ಯುವಕನಾಗಿರುತ್ತಾನೆ. ಮಳೆಗಾಲ ಬರುವ ಮುನ್ನ ಪ್ರತಿಯೊಂದು ಜಮಾಅತೂ ತನ್ನ ಆವರಣದಲ್ಲಿ ಎಷ್ಟು ಮರಗಳಿವೆ, ಎಷ್ಟು ಬರಿನೆಲ ಉಳಿದಿದೆ ಎಂದು ಒಮ್ಮೆ ಎಣಿಸಿ ನೋಡಲಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.